ಗೋ-ದೈಗೋ ಆಳ್ವಿಕೆ ಮುಗಿದದ್ದು ಯಾವಾಗ: 1331, 1336 ಅಥವಾ 1339?

ಕಾಲರೇಖೆ:
ಜಪಾನಿನ 96ನೇ ಚಕ್ರವರ್ತಿ ಗೋ-ದೈಗೋನ ಕಾಲಾನುಕ್ರಮಣಿಕೆ ಸಿದ್ಧಪಡಿಸುತ್ತಿದ್ದೇನೆ. ಪಟ್ಟವೇರಿದ್ದು 1318 ಎಂಬುದರಲ್ಲಿ ತಕರಾರಿಲ್ಲ. ಕೊನೆಯ ವರ್ಷ ಮಾತ್ರ ಒಂದೊಂದು ಕಡೆ ಒಂದೊಂದು ರೀತಿ: 1331, 1336, 1339. ರಾಜಧಾನಿ ಕ್ಯೋತೋದಿಂದ ದಕ್ಷಿಣದ ಯೋಶಿನೋ ಬೆಟ್ಟಕ್ಕೆ ತಪ್ಪಿಸಿಕೊಂಡು ಹೋದದ್ದನ್ನೂ ಕೆಲವರು 1336 ಎನ್ನುತ್ತಾರೆ, ಕೆಲವರು 1337. ಯಾವುದನ್ನು ಇಟ್ಟುಕೊಳ್ಳಬೇಕು? ಇನ್ನೊಂದು ಪ್ರಶ್ನೆ: 1333ರಲ್ಲಿ ಯೋಧರ ಸರ್ಕಾರದ ನೆಲೆ ಕಮಕುರಾ ಬಿದ್ದು ಇಡೀ ದೇಶ ಕೈಗೆ ಬಂದವನು ಮೂರೇ ವರ್ಷದಲ್ಲಿ ರಾಜಧಾನಿ ಕಳೆದುಕೊಂಡದ್ದು ಹೇಗೆ? "ಸಮುರಾಯ್‌ಗಳಿಗೆ ಸರಿಯಾದ ಬಹುಮಾನ ಸಿಗಲಿಲ್ಲ" ಎಂಬ ಒಂದು ಸಾಲಿನ ಉತ್ತರ ನನಗೆ ಸಾಲುತ್ತಿಲ್ಲ.

ಹಳೆಯ ಪಂಚಾಂಗ:
ಮೂರು ವರ್ಷಗಳಿಗೂ ಆಧಾರವಿದೆ. ಯಾರ ಕಡೆಯಿಂದ ನೋಡುತ್ತೀರಿ ಎಂಬುದಷ್ಟೇ ವ್ಯತ್ಯಾಸ.

1331ರಲ್ಲಿ ಕಮಕುರಾ ವಿರುದ್ಧದ ಸಂಚು ಬಯಲಾಗಿ ಗೋ-ದೈಗೋ ಕಸಾಗಿ ಬೆಟ್ಟಕ್ಕೆ ಓಡಿದ. ಬೆಟ್ಟ ಬಿತ್ತು, ಅವನು ಸೆರೆಯಾದ. ಕಮಕುರಾದವರು ರಾಜವಂಶದ ಇನ್ನೊಂದು ಶಾಖೆಯ ಕೋಗೋನ್‌ನನ್ನು ಪಟ್ಟಕ್ಕೆ ಕೂರಿಸಿ, 1332ರಲ್ಲಿ ಇವನನ್ನು ಓಕಿ ದ್ವೀಪಕ್ಕೆ ಕಳಿಸಿದರು. 1333ರಲ್ಲಿ ದ್ವೀಪದಿಂದ ಪಾರಾಗಿ ಬಂದವನು ತಾನು ಪಟ್ಟ ಬಿಟ್ಟೇ ಇರಲಿಲ್ಲ ಎಂದು ಸಾರಿದ. ಕೋಗೋನ್‌ನ ಪಟ್ಟಾಭಿಷೇಕವನ್ನೇ ಅಲ್ಲಗಳೆದು, ಅವನ ಕಾಲದ ಶಕೆ ಬಿಟ್ಟು ಮತ್ತೆ ತನ್ನ ಶಕೆಯಾದ ಗೆನ್ಕೋ 3 ಎಂದೇ ಎಣಿಸಿದ. ಹಾಗಾಗಿ ಅವನ ಲೆಕ್ಕದಲ್ಲಿ 1318ರಿಂದ 1339ರವರೆಗೆ ಒಂದೇ ಆಳ್ವಿಕೆ. 1336 ಎನ್ನುವವರು ಅವನ ವಿರುದ್ಧ ತಿರುಗಿಬಿದ್ದ ಸೇನಾನಾಯಕ ಅಶಿಕಾಗಾ ತಕಾಉಜಿ ಕ್ಯೋತೋದಲ್ಲಿ ಕೋಮ್ಯೋನನ್ನು ಕೂರಿಸಿದ ವರ್ಷವನ್ನು ಹಿಡಿಯುತ್ತಾರೆ. ಇಂದಿನ ಅಧಿಕೃತ ವಂಶಾವಳಿ ದಕ್ಷಿಣದ, ಅಂದರೆ ಯೋಶಿನೋದ, ಆಸ್ಥಾನವನ್ನೇ ಒಪ್ಪುತ್ತದೆ, ಉತ್ತರದ, ಅಂದರೆ ಕ್ಯೋತೋದ, ಆಸ್ಥಾನವನ್ನಲ್ಲ, ಆದ್ದರಿಂದ ಮುಖ್ಯ ಸಾಲಿನಲ್ಲಿ 1339 ಇಡಿ.

ಯೋಶಿನೋ ಗೊಂದಲ ಬರೀ ಪಂಚಾಂಗದ್ದು. ಅವನು ಕ್ಯೋತೋ ಬಿಟ್ಟದ್ದು ಎನ್ಗೆನ್ ಶಕೆಯ 1ನೇ ವರ್ಷದ 12ನೇ ತಿಂಗಳ 21ರಂದು. ಆ ವರ್ಷದ ಬಹುಭಾಗ 1336ಕ್ಕೆ ಸೇರಿದರೂ ಜೂಲಿಯನ್ ಲೆಕ್ಕದಲ್ಲಿ ಆ ದಿನ 1337ರ ಜನವರಿ 23. ಜಪಾನಿನ 11 ಮತ್ತು 12ನೇ ತಿಂಗಳ ಘಟನೆಗಳಲ್ಲೆಲ್ಲ ಈ ಎಡವಟ್ಟು ಕಾದಿರುತ್ತದೆ. ತಿಂಗಳ ಸಂಖ್ಯೆಯನ್ನು ನೇರವಾಗಿ ಜನವರಿ, ಫೆಬ್ರವರಿ ಎಂದು ಬರೆಯಲೇಬೇಡಿ. ಕಮಕುರಾ ಬಿದ್ದದ್ದು 5ನೇ ತಿಂಗಳ 22, ಅಂದರೆ ಜುಲೈ 4.

ಶಕೆಯ ಹೆಸರಲ್ಲೂ ಎಚ್ಚರ ಬೇಕು. 1336ರಲ್ಲಿ ಗೋ-ದೈಗೋ ಕೆನ್ಮು ಬಿಟ್ಟು ಎನ್ಗೆನ್ ಶುರು ಮಾಡಿದ. ಅಶಿಕಾಗಾ ಕಡೆಯವರು 1338ರವರೆಗೆ ಕೆನ್ಮುವನ್ನೇ ಬಳಸಿದರು. ಕೆನ್ಮು 4 ಮತ್ತು ಎನ್ಗೆನ್ 2 ಎರಡೂ 1337ನೇ ಇಸವಿಯೇ. ತಾರೀಖು ನೋಡಿದರೆ ಸಾಕು, ಪತ್ರ ಬರೆದವನು ಯಾವ ಪಕ್ಷದವನೆಂದು ಗೊತ್ತಾಗಿಬಿಡುತ್ತದೆ.

ಜಮೀನು ಪತ್ರ:
ಎರಡನೇ ಪ್ರಶ್ನೆಗೆ. ಬಹುಮಾನ ಎಷ್ಟು ಸಿಕ್ಕಿತು ಎಂಬುದಕ್ಕಿಂತ, ಕೈಯಲ್ಲಿದ್ದ ಜಮೀನು ನಾಳೆಯೂ ನನ್ನದೇ ಇರುತ್ತದೆಯೇ ಎಂಬ ಭಯ ದೊಡ್ಡದಾಗಿತ್ತು. 1232ರ ಗೋಸೇಯ್ಬಾಯ್ ಶಿಕಿಮೋಕು ಕಟ್ಟಳೆಯ 8ನೇ ಕಲಮಿನ ಪ್ರಕಾರ 20 ವರ್ಷ ಅನುಭೋಗದಲ್ಲಿದ್ದ ಜಮೀನನ್ನು ಕದಲಿಸುವಂತಿಲ್ಲ. ಯೋಧ ಮನೆತನಗಳ ಬದುಕು ನಿಂತದ್ದೇ ಇದರ ಮೇಲೆ. 1333ರ 6ನೇ ತಿಂಗಳಲ್ಲಿ ಗೋ-ದೈಗೋ ಹೊರಡಿಸಿದ ಆಜ್ಞೆ ಹಿಡುವಳಿಗೆ ಚಕ್ರವರ್ತಿಯ ನಿರೂಪವೇ ಬೇಕು ಎಂದಿತು. ನಿರೂಪಕ್ಕೆ ಅಲ್ಲಿ ರಿನ್ಜಿ ಎನ್ನುತ್ತಾರೆ. ಊರೂರಿನಿಂದ ಜನ ಹಳೆಯ ಪತ್ರ ಹೊತ್ತು ಕ್ಯೋತೋಗೆ ನುಗ್ಗಿದರು. ಒಬ್ಬನೇ ಅರಸ ಎಷ್ಟು ನಿರೂಪ ಕೊಡಬಲ್ಲ? ಮುಂದಿನ ತಿಂಗಳೇ ಹಿಂದೆ ಸರಿದು, ಕಮಕುರಾ ಆಳುತ್ತಿದ್ದ ಹೋಜೋ ಮನೆತನದ ಪಕ್ಷದವರನ್ನು ಬಿಟ್ಟು ಉಳಿದವರ ಸದ್ಯದ ಅನುಭೋಗ ಹಾಗೆಯೇ ಇರಲಿ, ಪ್ರಾಂತ್ಯದ ಅಧಿಕಾರಿಗಳೇ ಪತ್ರ ಕೊಡಲಿ ಎಂದ. ಅಷ್ಟರಲ್ಲಿ ಒಂದೇ ಜಮೀನಿಗೆ ಇಬ್ಬರ ಕೈಯಲ್ಲಿ ನಿರೂಪ ಇರುವಂಥ ಸ್ಥಿತಿ ಬಂದಿತ್ತು. ವ್ಯಾಜ್ಯ ಬಿಡಿಸಲು ಹುಟ್ಟಿದ ಜಸ್ಸೋ ಕೆತ್ಸುದಾನ್‌ಶೋ ನ್ಯಾಯಸ್ಥಾನವನ್ನು ನಾಲ್ಕು ವಿಭಾಗದಿಂದ ಎಂಟಕ್ಕೆ ಏರಿಸಬೇಕಾಯಿತು. 1334ರಲ್ಲಿ ಕ್ಯೋತೋದ ನಿಜೋ ನದೀತೀರದಲ್ಲಿ ಯಾರೋ ಬರೆದು ಹಾಕಿದ ಬರಹ, ಊರಲ್ಲಿ ಹೆಚ್ಚಿರುವುದು ಇರುಳು ದಾಳಿ, ದರೋಡೆ, ಸುಳ್ಳು ನಿರೂಪ ಎಂದೇ ಶುರುವಾಗುತ್ತದೆ. ಆ ಮೂರನೆಯದನ್ನು ಗಮನಿಸಿ.

ಇದರ ಮೇಲೆ ಹೊಸ ಅರಮನೆಯ ಖರ್ಚು. ಜಿತೋಗಳ, ಅಂದರೆ ಜಮೀನಿನ ಉಸ್ತುವಾರಿ ಯೋಧರ, ಆದಾಯದಲ್ಲಿ 20ನೇ ಒಂದು ಪಾಲು ತೆರಿಗೆ ಹಾಕಿದ. ಹೊಸ ನಾಣ್ಯ, ಕಾಗದದ ಹಣ ತರುವ ಯೋಜನೆಯೂ ಇತ್ತು. ಯುದ್ಧ ಮುಗಿದ ಮರುವರ್ಷವೇ ಇದೆಲ್ಲ ಬೇಡವಾಗಿತ್ತು.

ಕೋಟೆಗೋಡೆ:
ಮೇಲಿನವರ ಮಾತು ಸರಿ, ಆದರೆ ಜಮೀನಿನ ಅಸಮಾಧಾನ ತಾನಾಗಿಯೇ ಸೈನ್ಯವಾಗಲಿಲ್ಲ. ಅದಕ್ಕೊಬ್ಬ ನಾಯಕ ಬೇಕಿತ್ತು. ಆ ಜಾಗಕ್ಕೆ ತಕಾಉಜಿಯನ್ನು ತಂದು ನಿಲ್ಲಿಸಿದ್ದು ಗೋ-ದೈಗೋನೇ ಎಂಬುದು ನನ್ನ ಅಭಿಪ್ರಾಯ. ತನ್ನ ಹೆಸರಿನ ಒಂದು ಅಕ್ಷರವನ್ನೇ ಅವನಿಗೆ ಕೊಟ್ಟ, ಪ್ರಾಂತ್ಯ ಕೊಟ್ಟ, ಶೋಗುನ್, ಅಂದರೆ ಮಹಾಸೇನಾಪತಿ, ಪದವಿ ಮಾತ್ರ ತನ್ನ ಮಗ ಮೊರಿಯೋಶಿಗೆ ಹೋಯಿತು. 1334ರಲ್ಲಿ ಆ ಮಗನನ್ನೇ ಬಂಧಿಸಿ ಕಮಕುರಾದಲ್ಲಿ ಅಶಿಕಾಗಾಗಳ ಕಾವಲಿಗೆ ಒಪ್ಪಿಸಿದ. ತಕಾಉಜಿಯನ್ನು ತಡೆಯಬಲ್ಲ ರಾಜಕುಮಾರನನ್ನು ತಕಾಉಜಿಯ ತಮ್ಮನ ಕೈಗೆ ಕೊಟ್ಟಂತಾಯಿತು. 1335ರಲ್ಲಿ ಹೋಜೋ ತೋಕಿಯುಕಿ ದಂಗೆಯೆದ್ದು ಕಮಕುರಾ ಹಿಡಿಯಲು ಬಂದಾಗ ಆ ತಮ್ಮ ತದಾಯೋಶಿ ಮೊರಿಯೋಶಿಯನ್ನು ಕೊಲ್ಲಿಸಿದ. ತಕಾಉಜಿ ಅಪ್ಪಣೆಗೆ ಕಾಯದೆ ಪೂರ್ವಕ್ಕೆ ದಂಡೆತ್ತಿ ಹೋದ, ದಂಗೆ ಅಡಗಿಸಿ ಅಲ್ಲೇ ಕುಳಿತು ತನ್ನವರಿಗೆ ತಾನೇ ಜಮೀನು ಹಂಚತೊಡಗಿದ.

ಆಮೇಲೂ ಅವಕಾಶವಿತ್ತು. 1336ರ ಆರಂಭದಲ್ಲಿ ಕ್ಯೋತೋ ಹಿಡಿದ ತಕಾಉಜಿಯನ್ನು ಗೋ-ದೈಗೋ ಪಕ್ಷದ ಕಿತಬತಾಕೆ ಅಕಿಇಯೆ, ನಿತ್ತಾ ಯೋಶಿಸದಾ, ಕುಸುನೋಕಿ ಮಸಶಿಗೆ ಸೇರಿ ಕ್ಯೂಶೂವರೆಗೆ ಓಡಿಸಿದ್ದರು. ಅಲ್ಲಿ ತತಾರಾಹಾಮಾದಲ್ಲಿ ಗೆದ್ದು, ಕೋಗೋನ್‌ನ ಆಜ್ಞಾಪತ್ರವನ್ನೂ ಜೊತೆಗಿಟ್ಟುಕೊಂಡು ಅವನು ಹಿಂದಿರುಗಿದ. ಆ ಪತ್ರದಿಂದ ಅವನ ಕಡೆಯವರು ರಾಜದ್ರೋಹಿಗಳೆಂಬ ಕಳಂಕ ತಪ್ಪಿತು. ಕ್ಯೋತೋ ಬಿಟ್ಟು ಹಿಯೇಯ್ ಬೆಟ್ಟ ಸೇರೋಣ, ಶತ್ರು ಒಳಬಂದ ಮೇಲೆ ಆಹಾರ ಸಾಗಣೆ ಕತ್ತರಿಸೋಣ ಎಂದು ಮಸಶಿಗೆ ಸೂಚಿಸಿದ್ದಾಗಿ ಆ ಕಾಲದ ಯುದ್ಧಕಥನ ತೈಹೇಯ್ಕಿ ಹೇಳುತ್ತದೆ. ಆಸ್ಥಾನ ಒಪ್ಪಲಿಲ್ಲ. ಜುಲೈ 5ರಂದು ಮಿನಾತೋಗಾವಾ ಕಾಳಗದಲ್ಲಿ ಮಸಶಿಗೆ ಸತ್ತ. ಓದಿದಾಗಲೆಲ್ಲ ಸಂಕಟವಾಗುವ ಪುಟ ಅದು.

ಕಾಲರೇಖೆ:
ಧನ್ಯವಾದ. ಆದರೆ ಇಷ್ಟೆಲ್ಲ ಅಪಾಯಕ್ಕೆ ಅವನು ಕೈಹಾಕಿದ್ದೇಕೆ? ಮೊದಲ ಸಂಚು 1324ರಲ್ಲೇ ಬಯಲಾಗಿತ್ತಲ್ಲ.

ಹಳೆಯ ಪಂಚಾಂಗ:
ಅವನ ಮಕ್ಕಳಿಗೆ ಪಟ್ಟದ ದಾರಿ ಮುಚ್ಚಿತ್ತು. ಗೋ-ಸಾಗಾನ ಇಬ್ಬರು ಮಕ್ಕಳಿಂದ ರಾಜವಂಶ ಜಿಮ್ಯೋಇನ್, ದೈಕಾಕುಜಿ ಎಂದು ಎರಡಾಗಿ, ಸರದಿಯ ಮೇಲೆ ಪಟ್ಟ ಹೋಗುತ್ತಿತ್ತು. ಸರದಿಗೆ ಮಧ್ಯಸ್ಥರು ಕಮಕುರಾದವರು. ಗೋ-ದೈಗೋ ದೈಕಾಕುಜಿಯವನು, ಆದರೆ ಅಣ್ಣ ಗೋ-ನಿಜೋ ತೀರಿಕೊಂಡಿದ್ದರಿಂದ ನಡುವೆ ಕೂತವನು. ಯುವರಾಜ ಅಣ್ಣನ ಮಗ ಕುನಿಯೋಶಿ. ಅವನು 1326ರಲ್ಲಿ ಸತ್ತಾಗ ಯುವರಾಜ ಪದವಿ ಜಿಮ್ಯೋಇನ್ ಕಡೆಯವನಿಗೆ ಹೋಯಿತು. ಆತನೇ ಮುಂದಿನ ಕೋಗೋನ್. ಮಗನಿಗೆ ಪಟ್ಟ ಬೇಕೆಂದರೆ ಮಧ್ಯಸ್ಥರನ್ನೇ ಕೆಡವಬೇಕಿತ್ತು. 1321ರಲ್ಲಿ ತಂದೆ ಗೋ-ಉದಾ ಆಡಳಿತ ಬಿಟ್ಟುಕೊಟ್ಟಾಗಿನಿಂದ ಸ್ವತಃ ಆಳಿದ ರುಚಿಯೂ ಇತ್ತು.

ಪಟ್ಟಿಗೆ ನಾಲ್ಕು ಅಂಕಣ ಸಾಕು: ಜೂಲಿಯನ್ ದಿನ, ದಕ್ಷಿಣದ ಶಕೆ, ಉತ್ತರದ ಶಕೆ, ಘಟನೆ. ಕೊನೆಯ ಸಾಲು ಎನ್ಗೆನ್ 4, 8ನೇ ತಿಂಗಳ 16, ಅಂದರೆ 1339ರ ಸೆಪ್ಟೆಂಬರ್ 19, ಯೋಶಿನೋದಲ್ಲಿ ಮರಣ. ಹಿಂದಿನ ದಿನವೇ ಮಗ ಗೋ-ಮುರಾಕಾಮಿಗೆ ಪಟ್ಟ ಬಿಟ್ಟುಕೊಟ್ಟಿದ್ದ, ಅದನ್ನು ಬೇರೆ ಸಾಲಾಗಿ ಹಾಕಿ. ವಯಸ್ಸು ಜಪಾನಿ ಎಣಿಕೆಯಲ್ಲಿ 52, ನಮ್ಮ ಎಣಿಕೆಯಲ್ಲಿ 50.