ಮನೆ ಗುಂಪಿನಲ್ಲಿ ಅನನ್ಯಾಳ ಆರ್ಕಿಟೆಕ್ಚರ್

ಸುಬ್ರಾಯ ಭಾವ: (ಫಾರ್ವರ್ಡ್) ಪೋಷಕರೇ ಎಚ್ಚರ! ಐದು ವರ್ಷ ಆರ್ಕಿಟೆಕ್ಚರ್ ಓದಿದರೂ ಕೆಲಸ ಇಲ್ಲ. ಇನ್ನು ಮನೆ ಪ್ಲಾನ್ ಎಲ್ಲ ಎಐ ಹಾಕುತ್ತದೆ. ಎಲ್ಲರಿಗೂ ಕಳಿಸಿ.

ಸುಬ್ರಾಯ ಭಾವ: ನಾಗರಾಜ, ಅನನ್ಯಾಗೆ ತೋರಿಸು.

ಪ್ರಕಾಶ: ಭಾವ, ಇದನ್ನು ಬರೆದವರು ಯಾರು? ಯಾವ ಪೇಪರಲ್ಲಿ ಬಂದಿದೆ? ಆವತ್ತು ಅಡಿಕೆ ರೇಟಿನ ಸುದ್ದಿಯೂ ಹೀಗೇ ಬಂದಿತ್ತು.

ಸುಬ್ರಾಯ ಭಾವ: ಅಡಿಕೆ ಸುದ್ದಿ ಹಾಕಿದ್ದು ನಾನಲ್ಲ. ಮೇಲೆ ಹೋಗಿ ನೋಡು.

ದೊಡ್ಡಪ್ಪ: ಯಾರು ಹಾಕಿದರೇನು? ಮಕ್ಕಳು ಹೊಟ್ಟೆಗೆ ಆಗುವ ವಿದ್ಯೆ ಕಲಿಯಬೇಕು. ಸಿವಿಲ್ ಇಂಜಿನಿಯರಿಂಗ್ ಮಾಡಲಿ. ನಾಲ್ಕೇ ವರ್ಷ.

ಪ್ರಕಾಶ: ನನಗೂ ಇದೇ ಮಾತು ಹೇಳಿ ಡ್ರಾಯಿಂಗ್ ಬಿಡಿಸಿದ್ದಿರಿ, ದೊಡ್ಡಪ್ಪ.

ಗೀತಕ್ಕ: ಮನೆ ಅಂದರೆ ನಮ್ಮ ಶಿರಸಿಯ ಹಳೇ ಮನೆ. ಮೆತ್ತಿನ ಮೇಲೆ ಮಲಗಿದರೆ ಹೆಂಚಿಗೆ ಮಳೆ ಬೀಳೋದು ಕೇಳ್ತಿತ್ತು. ಅಜ್ಜ ಜಗಲಿ ಕಂಬಕ್ಕೆ ಒರಗಿ ಕವಳ ಹಾಕ್ತಿದ್ದರು.

ನಾಗರಾಜ: ಅದನ್ನು ಕೆಡವಿ ಟೆರೇಸ್ ಹಾಕಿಸಿದ್ದು ಯಾರು? ಸೋರುತ್ತದೆ ಅಂತ ಈಗ ಮೇಲೆ ಶೀಟ್ ಹೊದಿಸಿದ್ದೀರಿ.

ದೊಡ್ಡಪ್ಪ: ತೊಲೆಗೆ ಗೆದ್ದಲು ಹಿಡಿದಿತ್ತು. ಆಗ ನೀನು ಒಂದು ರೂಪಾಯಿ ಕೊಟ್ಟಿದ್ದೆಯಾ?

ವಿನಯಾ: ದೊಡ್ಡಪ್ಪ, ಆರ್ಕಿಟೆಕ್ಟ್ ಆಫೀಸಲ್ಲಿ ಕೆಲಸ ಮಾಡೋಳು ನಾನು, ಸ್ವಲ್ಪ ನನ್ನ ಮಾತೂ ಕೇಳಿ. ಶುರುವಿನಲ್ಲಿ ಸಂಬಳ ಕಡಿಮೆ, ಅದು ನಿಜ. ಕೆಲಸವೇ ಇಲ್ಲ ಅನ್ನೋದು ಸುಳ್ಳು. ಬಿ.ಆರ್ಕ್ ಅಂದರೆ ಆ ಐದು ವರ್ಷದ ಡಿಗ್ರಿ, ಆ ಕೋರ್ಸಿನೊಳಗೇ ಆಫೀಸಿನಲ್ಲಿ ಟ್ರೇನಿಂಗ್ ಇರುತ್ತದೆ. ನನಗೆ ಮೊದಲು ಕೊಟ್ಟಿದ್ದು ಟಾಯ್ಲೆಟ್ ಡ್ರಾಯಿಂಗ್. ನೀರು ಯಾವ ಕಡೆ ಇಳಿಯಬೇಕು, ಟೈಲ್ಸ್ ಎಲ್ಲಿಂದ ಶುರು, ನಲ್ಲಿ ಎಷ್ಟು ಎತ್ತರ. ಆಮೇಲೆ ಸೈಟು. ಕುಮಟಾದ ಒಂದು ಮನೆಯಲ್ಲಿ ಮೇಸ್ತ್ರಿ ಟೇಪ್ ಹಿಡಿದು ತೋರಿಸಿದರು: ಚಿರೇಕಲ್ಲಿನ ಗೋಡೆ ಎರಡಿಂಚು ಒಳಗೆ ಬಂದಿದೆ, ಬಾಗಿಲು ತೆಗೆದರೆ ವಾಶ್‌ಬೇಸಿನ್‌ಗೆ ತಾಗ್ತದೆ. ಅಲ್ಲೇ ನಿಂತು ಬಾಗಿಲು ಹೊರಗೆ ತೆರೆಯೋ ಹಾಗೆ ಮಾಡಿಸಿದೆವು. ಎಐ ಪ್ಲಾನ್ ಕೊಡಬಹುದು. ಸೈಟಿಗೆ ಬಂದು ನಿಲ್ಲೋರು ಬೇಕಲ್ವಾ?

ವಿನಯಾ: ಸಿವಿಲ್ ಮಾಡಿದರೆ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕೋ ಹಾಗಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು. ಹಾಗಂತ ಕೆಲಸಕ್ಕೆ ಸೇರೋಕೆ ಬಿ.ಆರ್ಕ್ ಒಂದೇ ದಾರಿ ಅಲ್ಲ. ಐಟಿಐಯಲ್ಲಿ ಎರಡು ವರ್ಷ ಡ್ರಾಫ್ಟ್ಸ್‌ಮನ್ ಸಿವಿಲ್ ಕಲಿತವರು, ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿದವರು ನಮ್ಮಂಥ ಆಫೀಸಿಗೆ ಡ್ರಾಯಿಂಗ್ ಕೆಲಸಕ್ಕೆ ಬರ್ತಾರೆ. ಡಿಪ್ಲೊಮಾದಲ್ಲಿ ಗಣಿತ ಇದ್ದರೆ ಮುಂದೆ ನಾಟಾ ಅನ್ನೋ ಪ್ರವೇಶ ಪರೀಕ್ಷೆ ಬರೆದು ಬಿ.ಆರ್ಕ್ ಕೂಡ ಸೇರಬಹುದು.

ಪ್ರಕಾಶ: ಬೋರ್ಡಿನ ಮಾತು ಕಾಯ್ದೆಯಲ್ಲಿ ಎಲ್ಲಿದೆ?

ವಿನಯಾ: 37ನೇ ಸೆಕ್ಷನ್, ಪ್ರಕಾಶಣ್ಣ. ಕೌನ್ಸಿಲ್ ವೆಬ್‌ಸೈಟಲ್ಲೇ ಇದೆ.

ಸುಬ್ರಾಯ ಭಾವ: ಹಾಗಾದ್ರೆ ನಾನು ಸುಳ್ಳು ಹರಡಿದೆ ಅಂತಾನಾ? ಮಗುವಿನ ಒಳ್ಳೇದಕ್ಕೆ ಹಾಕಿದ್ದು.

ಗೀತಕ್ಕ: ಯಾರೂ ಹಾಗೆ ಹೇಳಿಲ್ಲ ಭಾವ. ಹಳೇ ಮನೆ ಫೋಟೋ ಯಾರ ಹತ್ರ ಆದ್ರೂ ಇದ್ಯಾ?

ಅನನ್ಯಾ: ನನ್ನನ್ನೂ ಒಂದು ಮಾತು ಕೇಳಿ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡೂ ಇದೆ. ನಾನು ನಾಟಾ ಬರೀತೇನೆ. ವಿನಯತ್ತೆ, ಪರೀಕ್ಷೆ ಮುಗಿದ ಮೇಲೆ ನಿಮ್ಮ ಸೈಟಿಗೆ ಬರಲಾ?

ವಿನಯಾ: ಬಾ. ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬಾ. ಮೊಳೆ ಬಿದ್ದಿರ್ತವೆ.

ದೊಡ್ಡಪ್ಪ: ಮೊದಲು ಪಿಯುಸಿ ಮುಗಿಯಲಿ. ನಾಗರಾಜ, ಟೆರೇಸಿನ ಲೆಕ್ಕ ನೀನು ಮನೆಗೆ ಬಂದಾಗ ಮಾತಾಡೋಣ. ಇಲ್ಲಿ ಬೇಡ.