ಜೊಲ್ಲು "ಊರೋದು" ಬೇರೆ, "ಸೋರೋದು" ಬೇರೆ ಅಲ್ವಾ?

ಎಲ್ರಿಗೂ ನಮಸ್ಕಾರ. ನಾಯಿ ಸಾಕಿರೋರಿಗೆ ಅಂತ ಪರಿಚಯದ ಪಶುವೈದ್ಯರೊಬ್ರು ಎರಡು ಪುಟದ ಕರಪತ್ರ ಮಾಡ್ತಿದಾರೆ, ಕನ್ನಡ ಒಂಚೂರು ನೋಡ್ಕೊಡಿ ಅಂತ ನನ್ ಕೈಗೆ ಬಂತು. ತಲೆಬರಹ "ಶ್ವಾನಗಳಲ್ಲಿ ಅತಿಯಾದ ಲಾಲಾರಸ ಸ್ರವಿಸುವಿಕೆ". ಇದನ್ನ ಓದಿ ಯಾರಾದ್ರೂ ನಾಯಿ ಬಾಯಿ ನೋಡ್ತಾರಾ? ಲಾಲಾರಸ ಹೊಡೆದಾಕಿ ಜೊಲ್ಲು ಅಂತ ಬರೆದೆ (ಎಷ್ಟೋ ಜನ ಜೊಳ್ಳು ಅಂತ ಟೈಪ್ ಮಾಡ್ತಾರೆ, ಅದು ಕಾಳಿಲ್ಲದ ಭತ್ತ ಸ್ವಾಮಿ), ಆದ್ರೆ ಕ್ರಿಯಾಪದದ ಹತ್ರ ಬಂದು ಸಿಕ್ಕಾಕೊಂಡೆ.

ಡಾಕ್ಟ್ರು ಹೇಳೋ ಪ್ರಕಾರ ಇದ್ರಲ್ಲಿ ಎರಡು ಥರ. ಒಂದು, ಬಾಯಲ್ಲಿ ನಿಜವಾಗ್ಲೂ ಜೊಲ್ಲು ಜಾಸ್ತಿ ಆಗೋದು: ಕಾರಲ್ಲಿ ಕೂತಾಗ ಹೊಟ್ಟೆ ತೊಳಸಿದ್ರೆ, ನೆಲಗಪ್ಪೆಗೆ ಬಾಯಿ ಹಾಕಿದ್ರೆ, ಕಹಿ ಮಾತ್ರೆ ಕೊಟ್ರೆ, ಕೆಲವು ಕೀಟನಾಶಕ ಹೊಟ್ಟೆಗೆ ಹೋದ್ರೆ. ಇನ್ನೊಂದು, ಆಗೋದು ಮಾಮೂಲಿನಷ್ಟೇ, ನುಂಗಕ್ಕಾಗ್ದೆ ಇಲ್ಲಾ ತುಟಿಯಲ್ಲಿ ನಿಲ್ದೆ ಹೊರಗೆ ಬರೋದು. ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್ ಇವಕ್ಕೆ ತುಟಿನೇ ಜೋಲು, ಕಾಯಿಲೆ ಏನೂ ಬೇಕಿಲ್ಲ, ನಮ್ಮ ಮುಧೋಳದ್ದು ಬಿಗಿ ತುಟಿ, ಒಂದು ಹನಿ ಬೀಳಲ್ಲ. ಮೊದಲ್ನೇದಕ್ಕೆ ವೈದ್ಯರ ಭಾಷೇಲಿ ಟಯಲಿಸಂ, ಎರಡನೇದಕ್ಕೆ ಸ್ಯೂಡೋಟಯಲಿಸಂ. ಕರಪತ್ರದಲ್ಲಿ ಅದನ್ನ "ಮಿಥ್ಯಾ ಲಾಲಾಸ್ರಾವ" ಮಾಡಿದ್ರು! ಜೊಲ್ಲು ಮಿಥ್ಯೆ ಆಗಿದ್ರೆ ಸೋಫಾ ಯಾಕೆ ಒದ್ದೆ ಆಗ್ತಿತ್ತು.

ನಂಗೆ ದಾರಿ ತೋರ್ಸಿದ್ದು ನಮ್ಮಮ್ಮ. ಹೋದ್ವರ್ಷ ನಮ್ಮನೆ ಲ್ಯಾಬ್ರಡಾರ್ ಬೆಳಗ್ಗೆಯಿಂದ ಮುಂಗಾಲಲ್ಲಿ ಬಾಯಿ ಉಜ್ಕೊಂಡು ಜೊಲ್ಲು ಸುರಿಸ್ತಿತ್ತು, ನಾನು ಅದಕ್ಕೆ ಹಸಿವು, ಬಾಯಲ್ಲಿ ನೀರೂರ್ತಿದೆ ಅಂದೆ, ಅಮ್ಮ ಅಡುಗೆಮನೆಯಿಂದ್ಲೇ "ಊರ್ತಿಲ್ಲ ಕಣೋ, ಸೋರ್ತಿದೆ, ಕುಡಿದ ನೀರೂ ವಾಪಸ್ ಸೋರ್ತಿದೆ ನೋಡು" ಅಂದ್ರು. ಡಾಕ್ಟ್ರು ನೋಡಿದ್ರೆ ಬಾಯಿಯ ಮೇಲಿನ ಅಂಗುಳದಲ್ಲಿ, ಎರಡೂ ಕಡೆ ಹಲ್ಲಿನ ಮಧ್ಯೆ, ಮೂಳೆ ಚೂರೊಂದು ಅಡ್ಡ ಕೂತಿತ್ತು. ಊರೋದು ಬಾವಿ ಒಳಗಿಂದ, ಸೋರೋದು ತೂತಾದ ಕೊಡದಿಂದ. ಮೊದಲ್ನೇದಕ್ಕೆ "ಜೊಲ್ಲೂರುವುದು", ಎರಡನೇದಕ್ಕೆ "ಜೊಲ್ಸೋರುವುದು" ಅಂತಿಟ್ರೆ ಆಗಲ್ವಾ?  "ಸುರಿಸೋದು" ಎರಡಕ್ಕೂ ಸಲ್ಲುತ್ತೆ ನಿಜ, ಆದ್ರೆ ಹುಡ್ಗೀರ್ನ ನೋಡಿ ಜೊಲ್ಲು ಸುರಿಸೋರೂ ಇದಾರಲ್ಲ, ಅದಕ್ಕೇ ಸ್ವಲ್ಪ ಹಿಂಜರಿಕೆ.

ಹುಚ್ಚುನಾಯಿ ವಿಚಾರದಲ್ಲೂ ಇದು ಲೆಕ್ಕಕ್ಕೆ ಬರುತ್ತೆ. ರೇಬಿಸ್ ಬಂದ ನಾಯಿಗೆ ಗಂಟಲು, ದವಡೆ ಸೋತು ನುಂಗಕ್ಕಾಗಲ್ಲ, ಅಂದ್ರೆ ಮುಖ್ಯವಾಗಿ ಅದೂ ಸೋರೋದೇ. ಜನ "ನೊರೆ ಕಾರ್ತಿದೆ" ಅಂತಾರೆ, ಆದ್ರೆ ಫಿಟ್ಸ್ ಬಂದಾಗ್ಲೂ ನೊರೆ ಬರುತ್ತೆ, ಬರೀ ನೊರೆ ನೋಡಿ ಹುಚ್ಚು ಅನ್ನಂಗಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿರ್ಬೇಕು ಅನ್ಕೊಂಡು ಪರಿಚಯ ಇಲ್ಲದ ನಾಯಿ ಬಾಯಿಗೆ ಬರಿಗೈ ಹಾಕೋದಂತೂ ಬೇಡ್ವೇ ಬೇಡ.

ಇನ್ನೊಂದು ಅನುಮಾನ, "ಎಂಜಲು". ಗಾಯದ ಮೇಲೆ ನಾಯಿ ನೆಕ್ಕಿದ್ರೂ 15 ನಿಮಿಷ ಸೋಪು ನೀರಲ್ಲಿ ತೊಳೆದು ಇಂಜೆಕ್ಷನ್‌ಗೆ ಹೋಗ್ಬೇಕು ಅಂತ ಒಂದು ಸಾಲಿದೆ, ಅಲ್ಲಿ "ಜೊಲ್ಲು ತಾಗಿದರೆ" ಅಂದ್ರೆ ದಾರ ದಾರವಾಗಿ ಇಳಿದ್ರೆ ಮಾತ್ರ ಅನ್ಕೊಂಡ್ಬಿಡ್ತಾರೆ, "ಎಂಜಲು ತಾಗಿದರೆ" ಅಂದ್ರೆ ನೆಕ್ಕಿದ್ದೂ ಸೇರುತ್ತೆ ಅನ್ಸುತ್ತೆ, ಮಡಿ ಮೈಲಿಗೆ ವಾಸನೆ ಹೊಡೆಯುತ್ತೆ ಅಂತ ಡಾಕ್ಟ್ರಿಗೆ ಇಷ್ಟ ಇಲ್ಲ. ನಿಮಗೇನನ್ಸುತ್ತೆ? ಧಾರವಾಡ, ಕಲಬುರ್ಗಿ, ಕರಾವಳಿ ಕಡೆಯೋರು ಮನೇಲಿ ಇವಕ್ಕೆಲ್ಲ ಏನಂತೀರಾ, ನಿಮ್ಮಲ್ಲೂ ಊರೋದು ಸೋರೋದು ಬೇರೆ ಬೇರೆನಾ? ಶುಕ್ರವಾರ ಪ್ರಿಂಟಿಗೆ ಹೋಗುತ್ತಂತೆ.