ಬಿಕೋ ಎನ್ನುವ ಸಂಗೀತ: ಎರಡು ಪದಗಳ ಬಗ್ಗೆ ಒಂದು ಪ್ರಶ್ನೆ

ಮಾನ್ಯರೇ,

1980ರ ದಶಕದಲ್ಲಿ ಮನೆಗಳಲ್ಲಿ ಬಳಸುತ್ತಿದ್ದ ಪುಟ್ಟ ಕಂಪ್ಯೂಟರುಗಳ ಆಟಗಳನ್ನೂ ಅವುಗಳ ಸಂಗೀತವನ್ನೂ ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ಅದರ ಒಂದು ವಾಕ್ಯದಲ್ಲಿ ಎರಡು ಪದಗಳು ದೊರೆಯದೆ ಕೆಲವು ವಾರಗಳಿಂದ ಕೆಲಸ ನಿಂತಿದೆ. ಇಂಗ್ಲಿಷಿನವರು 'ಈರೀ' ಎನ್ನುವ, ನೇರ ಭಯವೂ ಅಲ್ಲದ ನೆಮ್ಮದಿಯೂ ಅಲ್ಲದ ವಾತಾವರಣಕ್ಕೆ ಕನ್ನಡದಲ್ಲಿ ಯಾವ ಮಾತು ಸಲ್ಲುತ್ತದೆ ಎಂಬುದು ಮೊದಲನೆಯ ಪ್ರಶ್ನೆ. ಅಂಥ ವಾತಾವರಣವನ್ನೇ ಎಷ್ಟೋ ವರ್ಷಗಳ ಮೇಲೆ ಮನಸ್ಸು ಮತ್ತೆ ಬಯಸುತ್ತದಲ್ಲ, ಆ ಬಯಕೆಯನ್ನು ಏನೆಂದು ಕರೆಯಬೇಕು ಎಂಬುದು ಎರಡನೆಯದು.

ನಿಘಂಟುಗಳು ಮೊದಲನೆಯದಕ್ಕೆ ಭಯಾನಕ, ವಿಲಕ್ಷಣ, ನಿಗೂಢ ಎಂಬ ಅರ್ಥಗಳನ್ನು ಕೊಡುತ್ತವೆ. ಇವು ಏಕೆ ಸಾಲವೆಂಬುದನ್ನು ಒಂದು ಆಟದ ಮೂಲಕ ಹೇಳುವುದು ಸುಲಭ. 1981ರಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್81 ಯಂತ್ರಕ್ಕೆ ಬಣ್ಣವೂ ಇರಲಿಲ್ಲ, ಧ್ವನಿಯೂ ಇರಲಿಲ್ಲ. ಅದಕ್ಕಾಗಿ ಮಾಲ್ಕಂ ಇವಾನ್ಸ್ ಬರೆದ 'ತ್ರೀಡಿ ಮಾನ್‌ಸ್ಟರ್ ಮೇಜ್' ಆಟದಲ್ಲಿ ಆಡುವವರು ಕಪ್ಪುಬಿಳುಪಿನ ಓಣಿಗಳ ಒಂದು ಜಾಲದೊಳಗೆ ದಾರಿ ಹುಡುಕಬೇಕು. ಅದೇ ಜಾಲದಲ್ಲಿ ಎಲ್ಲೋ ಒಂದು ಡೈನೋಸಾರ್ ಇದೆ. ಅದು ಕಣ್ಣಿಗೆ ಬೀಳುವ ಎಷ್ಟೋ ಮೊದಲೇ, ಅದು ಹೊಂಚು ಹಾಕಿ ಕುಳಿತಿದೆ, ನಿಮ್ಮನ್ನು ಹುಡುಕುತ್ತಿದೆ, ಹೆಜ್ಜೆಯ ಸದ್ದು ಹತ್ತಿರವಾಗುತ್ತಿದೆ ಎಂಬ ಅರ್ಥದ ಒಂದೊಂದು ಸಾಲು ಪರದೆಯ ಮೇಲೆ ಮೂಡುತ್ತದೆ. ಸದ್ದೇ ಹೊರಡಿಸಲಾರದ ಯಂತ್ರವೊಂದು ಹೆಜ್ಜೆಯ ಸದ್ದಿನ ಸುದ್ದಿಯನ್ನು ಅಕ್ಷರದಲ್ಲಿ ತಿಳಿಸಿದಾಗ ಓದುವವರ ಕಿವಿ ತಾನಾಗಿಯೇ ನಿಮಿರುತ್ತದೆ. ಡೈನೋಸಾರ್ ಎದುರಿಗೆ ಬಂದ ಕ್ಷಣದ್ದು ಭಯ; ಅದಕ್ಕೆ ಭಯಾನಕ ಎಂಬ ಮಾತು ಸಾಕು. ಅದಕ್ಕೆ ಮುಂಚೆ ಬರಿದಾದ ಓಣಿಯಲ್ಲಿ ನಿಂತು ಕಿವಿಗೊಟ್ಟ ಸ್ಥಿತಿಗೆ ಆ ಮಾತು ಹೊಂದುವುದಿಲ್ಲ.

ಕನ್ನಡದಲ್ಲಿ ಭಯದ ಪದಗಳಿಗೆ ಬರವಿಲ್ಲ, ಆದರೆ ಪ್ರತಿಯೊಂದಕ್ಕೂ ತನ್ನದೇ ಮೊನೆಯಿದೆ. ದಿಗಿಲು ಒಮ್ಮೆಲೇ ಬಡಿಯುವಂಥದ್ದು. ಅಂಜಿಕೆಗೆ ಎದುರಿಗೊಂದು ವಸ್ತು ಬೇಕು, ಕತ್ತಲೆಗೋ ಹಾವಿಗೋ ಅಂಜುತ್ತೇವೆ. ಅಳುಕು ನಾವು ಮಾಡಲಿರುವ ಕೆಲಸದ ಮುಂದೆ ಒಳಗೇ ಹಿಂಜರಿಯುವುದು. ದೊಡ್ಡವರ ಎದುರು ಮಾತಾಡಲೂ ಅಳುಕು ಇರುತ್ತದೆ. ಬೆಚ್ಚುವುದಂತೂ ಮೈಯ ಕ್ರಿಯೆ. ಇವೆಲ್ಲವೂ ಅನುಭವಿಸುವವರೊಳಗೆ ನಡೆಯುವುದನ್ನು ಹೆಸರಿಸುತ್ತವೆ. ನನಗೆ ಬೇಕಾದ ಪದ ಜಾಗದ ಗುಣವನ್ನು ಹೇಳಬೇಕು.

ಜಾಗದ ಗುಣವನ್ನು ಹೇಳುವುದಕ್ಕೆ ನಮ್ಮಲ್ಲಿರುವುದು ನಾಮಪದಗಳಿಗಿಂತ ಹೆಚ್ಚಾಗಿ ಅನುಕರಣ ಶಬ್ದಗಳು ಎಂಬುದು ನನಗೆ ಹೊಳೆದದ್ದು ತಡವಾಗಿ. ಬೀದಿ ಬಿಕೋ ಎನ್ನುತ್ತದೆ, ಮನೆ ಭಣಗುಟ್ಟುತ್ತದೆ, ಕತ್ತಲು ಗವ್ವೆನ್ನುತ್ತದೆ. ಅನುಕರಣವೆಂದರೆ ಇರುವ ಸದ್ದಿನ ಅನುಕರಣೆ. ಆದರೆ ಬಿಕೋ ಎನ್ನುವ ಬೀದಿಯಲ್ಲಿ ಅನುಕರಿಸಲು ಯಾವ ಸದ್ದಿದೆ? ಸದ್ದಿಲ್ಲದಿರುವುದಕ್ಕೇ ಭಾಷೆ ಇಲ್ಲಿ ಒಂದು ಸದ್ದನ್ನು ಕೊಟ್ಟಿದೆ, ಆಡುವ ಜನರಿಲ್ಲದ ಕಡೆ 'ಎನ್ನು' ಎಂಬ ಕ್ರಿಯಾಪದವನ್ನು ಜಾಗದ ಬಾಯಿಗೇ ಇಟ್ಟಿದೆ. ಝಡ್‌ಎಕ್ಸ್81ರ ಆಟ ಮಾಡುವುದೂ ಇದನ್ನೇ ಎಂದು ತೋರಿದಾಗ ನನಗಾದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅದರ ಮರುವರ್ಷ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನ ಆಟಗಳಿಗೂ ಇದು ಸಲ್ಲುತ್ತದೆ. ಅದರ ಪುಟ್ಟ ಸ್ಪೀಕರನ್ನು ಮುಖ್ಯ ಪ್ರೊಸೆಸರೇ ಕ್ಷಣಕ್ಷಣಕ್ಕೂ ಆಡಿಸಬೇಕಾಗಿತ್ತಾದ್ದರಿಂದ ರಾಗ ನುಡಿಯುವಾಗ ಬೇರೆ ಕೆಲಸಕ್ಕೆ ಬಿಡುವು ಸಿಗುವುದು ಕಷ್ಟವಿತ್ತು. ಹಾಗಾಗಿ ಅನೇಕ ಆಟಗಳಲ್ಲಿ ಆರಂಭದ ಪರದೆಗೆ ಮಾತ್ರ ಸಂಗೀತವಿದ್ದು ಒಳಗೆ ಹೊಕ್ಕರೆ ಮೌನ, ನಡುನಡುವೆ ಒಂದೆರಡು ಟಿಕ್ ಎಂಬ ಸದ್ದು. 1983ರ 'ಆಂಟ್ ಅಟ್ಯಾಕ್' ಆಟದ ಗೋಡೆ ಸುತ್ತಿದ ಪಾಳುನಗರವನ್ನು ಬಿಕೋ ಎನ್ನುವ ನಗರ ಎಂದರೆ ಯಾರೂ ಆಕ್ಷೇಪಿಸಲಾರರು.

ನನ್ನ ನಿಜವಾದ ತೊಡಕು ಇಲ್ಲಿಂದ ಮುಂದಿನದು. ಮೌನದ ಜಾಗ ಬಿಕೋ ಎನ್ನಬಹುದು. ಸಂಗೀತವೇ ಬಿಕೋ ಎನ್ನಬಹುದೇ?

1982ರ ಕಮೊಡೋರ್ 64 ಯಂತ್ರದಲ್ಲಿ ರಾಬರ್ಟ್ ಯಾನೆಸ್ ರೂಪಿಸಿದ 'ಸಿಡ್' ಎಂಬ ಧ್ವನಿ ಚಿಪ್ ಇತ್ತು. ಅದಕ್ಕಿದ್ದದ್ದು ಮೂರೇ ಕಂಠ. ವಾದ್ಯವೃಂದವನ್ನು ಅದು ಅನುಕರಿಸಲಾರದು, ಆದರೆ ಒಂದು ಕಂಠದಿಂದ ಇನ್ನೊಂದನ್ನು ಕದಡಿ ಒಡಕು ಗಂಟೆಯಂಥ ನಾದ ಹೊರಡಿಸಬಲ್ಲದು, ನಾದವನ್ನು ಸೋಸುವ ಫಿಲ್ಟರನ್ನು ಮೆಲ್ಲನೆ ತೆರೆದು ಮುಚ್ಚಿ ಸ್ವರವನ್ನು ದೂರಕ್ಕೆ ಒಯ್ದಂತೆ ಮಾಡಬಲ್ಲದು. ಉಳಿದ ಕಂಠಗಳಿಗೆ ಬೇರೆ ಕೆಲಸವಿದ್ದು ಮೂರು ಸ್ವರಗಳು ಏಕಕಾಲಕ್ಕೆ ಬೇಕೆನಿಸಿದಾಗ ಒಂದೇ ಕಂಠದಲ್ಲಿ ಅವನ್ನು ಒಂದರ ಹಿಂದೊಂದು, ಯುರೋಪಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲದಂತೆ, ಓಡಿಸುತ್ತಿದ್ದರು. ಕಿವಿ ಅದನ್ನು ಮೇಳವೆಂದು ಅರೆಮನಸ್ಸಿನಿಂದ ಒಪ್ಪುತ್ತದೆ. ಉಳಿದ ಅರೆಮನಸ್ಸಿಗೆ ಅದು ಕೀಟದ ರೆಕ್ಕೆಯ ನಡುಕದಂತೆ ಕೇಳುತ್ತದೆ. ಇನ್ನೊಂದು ಸಂಗತಿಯೆಂದರೆ, ಮೊದಮೊದಲ ಚಿಪ್‌ಗಳಲ್ಲಿ ಫಿಲ್ಟರಿನ ವರ್ತನೆ ಒಂದರಿಂದೊಂದಕ್ಕೆ ಬೇರೆಯಾಗುತ್ತಿತ್ತು, ಆದ್ದರಿಂದ ಒಂದೇ ರಾಗ ಒಂದು ಯಂತ್ರದಲ್ಲಿ ಮಂಕಾಗಿಯೂ ಇನ್ನೊಂದರಲ್ಲಿ ಹರಿತವಾಗಿಯೂ ಕೇಳುತ್ತಿತ್ತು. ನಮ್ಮ ನೆನಪಿನಲ್ಲಿರುವ ನಾದ ಪಕ್ಕದವರ ನೆನಪಿನ ನಾದವಲ್ಲ ಎಂಬುದು ಈ ಹಂಬಲದ ವಿಚಾರದಲ್ಲಿ ಸಣ್ಣ ಮಾತಲ್ಲ.

ಇಂಥ ಸಂಗೀತವಿರುವ ಎರಡು ಆಟಗಳು ಮನಸ್ಸಿಗೆ ಬರುತ್ತವೆ. ಪಾಲ್ ನಾರ್ಮನ್ ತಾವೇ ಬರೆದು ತಾವೇ ಸಂಗೀತವನ್ನೂ ಕೊಟ್ಟ 1983ರ 'ಫರ್ಬಿಡನ್ ಫಾರೆಸ್ಟ್'ನಲ್ಲಿ ಒಬ್ಬ ಬಿಲ್ಲುಗಾರ ಕಾಡಿನ ನಡುವೆ ಒಂಟಿಯಾಗಿ ನಿಂತಿರುತ್ತಾನೆ. ಜೇಡ ಬರುವುದಕ್ಕೆ ಮುಂಚಿನಿಂದಲೂ ರಾಗ ನುಡಿಯುತ್ತಲೇ ಇರುವುದರಿಂದ ಮರಗಳ ಸಾಲೇ ಅದನ್ನು ಹಾಡುತ್ತಿದೆಯೋ ಎನಿಸುತ್ತದೆ. 1987ರ 'ಡ್ರಿಲ್ಲರ್' ಆಟದ ಕಮೊಡೋರ್ ಆವೃತ್ತಿಗೆ ಮ್ಯಾಟ್ ಗ್ರೇ ಕೊಟ್ಟ ಸಂಗೀತ ಇನ್ನೂ ನಿಧಾನದ್ದು. ಆಟ ನಡೆಯುವುದು ನಿರ್ಜನವಾದ ಒಂದು ಉಪಗ್ರಹದ ಮೇಲೆ; ಯಂತ್ರ ಆ ದೃಶ್ಯವನ್ನು ಒಂದೊಂದಾಗಿ ಬಿಡಿಸಿ ತೋರಿಸುವಷ್ಟು ಹೊತ್ತು ಕಣ್ಣು ಕಾಯಬೇಕಾಗುತ್ತದೆ, ರಾಗ ಮಾತ್ರ ತಡೆಯಿಲ್ಲದೆ ಸಾಗುತ್ತದೆ. ಈ ಸಂಗೀತ ಜಾಗದ ಬರಿದನ್ನು ತುಂಬುವುದಿಲ್ಲ, ಅದು ಎಷ್ಟು ಬರಿದು ಎಂಬುದನ್ನು ಅಳೆದು ತೋರಿಸುತ್ತದೆ. ಆ ಕಾರಣದಿಂದ 'ಬಿಕೋ ಎನ್ನುವ ಸಂಗೀತ' ಎಂಬ ಪ್ರಯೋಗ ತಪ್ಪಲ್ಲವೆಂದು ನನಗನಿಸುತ್ತದೆ, ಆದರೆ ಕೇಳಿದ ಇಬ್ಬರು ಗೆಳೆಯರು ಅದನ್ನು ಒಪ್ಪಲಿಲ್ಲ. ಒಬ್ಬರಿಗೆ ಅದು ಕೇಳುಗರೇ ಇಲ್ಲದ ಕಛೇರಿಯನ್ನು ನೆನಪಿಸಿತಂತೆ. ಅವರ ಮಾತಿನಲ್ಲಿ ಹುರುಳಿದೆ.

ಶಾಸ್ತ್ರದ ಕಡೆ ನೋಡಿದರೆ, ಭರತನ ನಾಟ್ಯಶಾಸ್ತ್ರ ಭಯಾನಕ ರಸದ ವಿಭಾವಗಳನ್ನು, ಅಂದರೆ ಆ ಭಾವವನ್ನು ಹುಟ್ಟಿಸುವ ಕಾರಣಗಳನ್ನು, ಎಣಿಸುವಾಗ ವಿಕೃತರವ, ಶೂನ್ಯಾಗಾರ, ಅರಣ್ಯ ಎಂಬುವನ್ನು ಹೇಳುತ್ತದೆ. ಕೆಟ್ಟ ಸದ್ದು, ಪಾಳುಮನೆ, ಕಾಡು: ಮೇಲೆ ಹೇಳಿದ ಆಟಗಳ ಸಾಮಗ್ರಿಯೆಲ್ಲ ಅಲ್ಲಿದೆ. 'ಶೂನ್ಯಾಗಾರ' ಎಂಬ ಪದವನ್ನು ಎರವಲು ಪಡೆಯುವ ಆಸೆಯೂ ಆಯಿತು, ಆದರೆ ಅದನ್ನು ವಾಕ್ಯದೊಳಗೆ ಇಟ್ಟಾಗ ಓದುಗರು ಆಟವನ್ನು ಬಿಟ್ಟು ಪದವನ್ನು ನೋಡುತ್ತಾರೆ.

ಎರಡನೆಯ ಪದದ ತೊಡಕು ಬೇರೆ ಬಗೆಯದು. 'ನಾಸ್ಟಾಲ್ಜಿಯಾ' ಎಂಬುದು ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ 1688ರಲ್ಲಿ ಗ್ರೀಕಿನ ಎರಡು ಮಾತುಗಳನ್ನು ಕೂಡಿಸಿ ಕಟ್ಟಿದ ರೋಗದ ಹೆಸರು. ಮನೆಗೆ ಮರಳುವುದು ಮತ್ತು ನೋವು ಎಂಬುವು ಆ ಎರಡು ಮಾತುಗಳು. ಇನ್ನೊಂದೆಡೆ, ಮನೋವಿಶ್ಲೇಷಕ ಫ್ರಾಯ್ಡ್ 1919ರಲ್ಲಿ ಚರ್ಚಿಸಿದ, ನಮ್ಮ 'ಈರೀ'ಗೆ ತೀರ ಹತ್ತಿರದ ಜರ್ಮನ್ ಪದ 'ಉನ್‌ಹೈಮ್ಲಿಷ್' ಎಂಬುದರ ಒಡಲಲ್ಲಿರುವುದೂ ಮನೆಯೇ, ಆದರೆ ನಿಷೇಧದೊಡನೆ: ಮನೆಯಂತಲ್ಲದ್ದು. ಒಂದು ಪದ ಮನೆಗೆ ಮರಳಲು ನೋಯುತ್ತದೆ, ಇನ್ನೊಂದು ಮನೆಯಂತಲ್ಲದ್ದನ್ನು ಕಂಡು ನಡುಗುತ್ತದೆ. ಆ ಆಟಗಳನ್ನು ಎಳವೆಯಲ್ಲಿ ಆಡಿದವರಲ್ಲಿ ಈ ಎರಡೂ ಒಂದಾಗಿವೆ, ಮನೆಯಂತಲ್ಲದ ಆ ಕಾಡಿಗೆ, ಆ ಉಪಗ್ರಹಕ್ಕೆ ಮರಳಲು ಅವರು ಹಂಬಲಿಸುತ್ತಾರೆ.

ಕನ್ನಡ ವಿಮರ್ಶೆಯಲ್ಲಿ ನಾಸ್ಟಾಲ್ಜಿಯಾಕ್ಕೆ 'ಹಳಹಳಿಕೆ' ಎನ್ನುವುದು ರೂಢಿಯಲ್ಲಿದೆ. ಅದು ಒಳ್ಳೆಯ ಪದ, ಆದರೆ ಅದರಲ್ಲಿ ಕಳೆದುಕೊಂಡೆವೆಂಬ ಕೊರಗು ಮುಂದೆ ನಿಲ್ಲುತ್ತದೆ, ಅಂದು ಎಲ್ಲವೂ ಚೆನ್ನಾಗಿತ್ತು ಎಂಬ ಧ್ವನಿಯೂ ಬಂದುಬಿಡುತ್ತದೆ. ರಾತ್ರಿ ದೀಪ ಆರಿಸಿ, ಪರದೆಯೊಂದರ ಬೆಳಕಿನಲ್ಲಿ ಕುಳಿತು, ಬೆನ್ನ ಹಿಂದಿನ ಬಾಗಿಲನ್ನು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದ ನಾನು ಆಗ ಸುಖವಾಗಿದ್ದೆನೆಂದು ಹೇಳಲಾರೆ. ಆದರೂ ಆ ಮೂರು ಕಂಠಗಳ ರಾಗ ಇಂದು ಕೇಳಿಸಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಇದಕ್ಕೆ 'ಗುಂಗು' ಎಂಬ ಮಾತು ಹತ್ತಿರವೆಂದು ನನ್ನ ಭಾವನೆ. ಹಾಡು ಮುಗಿದ ಮೇಲೂ ಅದರ ಗುಂಗು ಉಳಿಯುತ್ತದೆ. ಗುಂಗಿನಲ್ಲಿರುವವರು ಸುಖದಲ್ಲಿದ್ದಾರೋ ಕಳವಳದಲ್ಲಿದ್ದಾರೋ ಎಂಬುದನ್ನು ಪದ ಹೇಳುವುದಿಲ್ಲ, ಮೇಲಾಗಿ ಅದರ ಉಚ್ಚಾರದಲ್ಲೇ ಒಂದು ಗುಂಯ್ ಎಂಬ ನಾದವಿದೆ. ಕೊರತೆಯೊಂದೇ, ಗುಂಗು ಗಂಟೆಗಳ ಅಥವಾ ದಿನಗಳ ಮಾತು. ಮೂರು ನಾಲ್ಕು ದಶಕ ದಾಟಿ ಬಂದದ್ದನ್ನು ಗುಂಗು ಎನ್ನಬಹುದೇ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ.

ಈಗ ಬರೆದಿಟ್ಟಿರುವ ವಾಕ್ಯ ಹೀಗಿದೆ: "ಬಿಕೋ ಎನ್ನುವ ಆ ಸಂಗೀತದ ಗುಂಗು ಇಷ್ಟು ವರ್ಷ ಕಳೆದರೂ ಅವರನ್ನು ಬಿಟ್ಟಿಲ್ಲ." ಇದನ್ನು ಓದಿದಾಗ, ಆಟವನ್ನು ಎಂದೂ ಆಡದ ಓದುಗರಿಗೆ ನಿರ್ಜನವಾದ ಜಾಗವೊಂದು ಕೇಳಿಸುತ್ತದೆಯೇ, ಅಥವಾ ಖಾಲಿ ಕಛೇರಿಯೇ ಕಾಣುತ್ತದೆಯೇ? ಒಬ್ಬರೇ ಇರುವಾಗ ಜಾಗವೇ ಉಸಿರಾಡಿದಂತೆ ಅನಿಸುವುದಕ್ಕೆ ನಿಮ್ಮ ಕಡೆಯ ಆಡುಮಾತಿನಲ್ಲಿ, ವಿಶೇಷವಾಗಿ ಹಿರಿಯರ ಮಾತಿನಲ್ಲಿ, ಬೇರೆ ಪದವೋ ಅನುಕರಣ ಶಬ್ದವೋ ಇದ್ದರೆ ಅದು ಬಳಕೆಯಾಗುವ ಒಂದು ಪೂರ್ಣ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ. ಪದವೊಂದನ್ನೇ ಕೊಟ್ಟರೆ ಅದನ್ನು ಜಾಗಕ್ಕೆ ಹೇಳುತ್ತಾರೋ ಮನಸ್ಸಿಗೆ ಹೇಳುತ್ತಾರೋ ನನಗೆ ತಿಳಿಯುವುದಿಲ್ಲ.